ಟಿಕೆಟ್ ಕೊಳ್ಳದವರ ಸಿಟ್ಟು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಹಿಡಿದುಕೊಂಡಿವೆ: ಸ್ಟ್ಯಾಂಡಪ್ ಹಾಸ್ಯಗಾರರು ವೇದಿಕೆಯ ಮೇಲೆ ರಾಜಕೀಯ ಮಾತಾಡುವುದು ಮತ್ತು ಅದರಿಂದ ಏಳುವ ಸಿಟ್ಟು. ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿರುವುದರಿಂದ ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ನಮ್ಮಿಬ್ಬರನ್ನೂ ಒಂದು ಸ್ಟ್ಯಾಂಡಪ್ ಕಾರ್ಯಕ್ರಮಕ್ಕೆ ಕರೆದೊಯ್ದಿದ್ದಳು. ತಲೆಗೆ 799 ರೂಪಾಯಿ ಟಿಕೆಟ್. ಮೊದಲ ಅರ್ಧ ಗಂಟೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಆ ಹುಡುಗ ಸರ್ಕಾರ, ಚುನಾವಣೆ ಎಂದು ಶುರುಮಾಡಿದ. ನಮ್ಮ ಯಜಮಾನರು ಮುಖ ಗಂಟಿಕ್ಕಿಕೊಂಡು ಎದ್ದು ಹೊರಟೇಬಿಟ್ಟರು. ದುಡ್ಡು ಕೊಟ್ಟು ನಗಲು ಬಂದವರಿಗೆ ಭಾಷಣ ಬಿಗಿಯುವುದು ಮೋಸವಲ್ಲವೇ? ಅವರು ಎದ್ದು ಹೋದದ್ದು ಅಸಭ್ಯತೆ ಎಂದು ಮಗಳು ಇನ್ನೂ ಮುನಿಸಿಕೊಂಡಿದ್ದಾಳೆ. (ಮೈಸೂರು)

ಉತ್ತರ: ನಿಮ್ಮ ಯಜಮಾನರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲವೆಂದು ಮಗಳಿಗೆ ಹೇಳಿ. ಪಕ್ಕದವರ ಕಾಲು ತುಳಿಯದೆ, ವೇದಿಕೆಯತ್ತ ಬೈಗುಳ ಎಸೆಯದೆ ಎದ್ದು ಹೋಗುವುದು ಸಭಿಕನೊಬ್ಬ ಮಾಡಬಹುದಾದ ಅತ್ಯಂತ ಮರ್ಯಾದೆಯ ವಿಮರ್ಶೆ. 2016ರ ಅಕ್ಟೋಬರಿನಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಕೆಲವೇ ವಾರಗಳಿದ್ದಾಗ, ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಏಮಿ ಶೂಮರ್ ಎಂಬ ಹಾಸ್ಯಗಾರ್ತಿ ಡೊನಾಲ್ಡ್ ಟ್ರಂಪ್ ಅವರನ್ನು ಲೇವಡಿ ಮಾಡಿದಾಗ ಸುಮಾರು 200 ಮಂದಿ ಎದ್ದು ನಡೆದಿದ್ದರು. ಹೋದವರು ಹೋದರು, ಕೂತವರು ಕೂತರು, ಕಾರ್ಯಕ್ರಮ ಮುಂದುವರಿಯಿತು. ಸಭಿಕರ ಸಿಟ್ಟು ಎನ್ನುವುದಕ್ಕೆ ಇದಕ್ಕಿಂತ ಆರೋಗ್ಯವಂತ ಉದಾಹರಣೆ ನನಗೆ ಸಿಕ್ಕಿಲ್ಲ.

ಮೋಸ ಎಂಬ ನಿಮ್ಮ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ. ಸ್ಟ್ಯಾಂಡಪ್ ಎಂದರೆ ಒಬ್ಬ ಮನುಷ್ಯ ತನ್ನ ಬದುಕನ್ನು ಹರವಿಕೊಂಡು ಮಾತಾಡುವ ಕಲೆ. ಆ ಬದುಕಿನಲ್ಲಿ ಬಾಡಿಗೆ ಮನೆ, ಟ್ರಾಫಿಕ್ಕು, ಮದುವೆಯ ಮಾತುಕತೆಗಳಿರುವಂತೆಯೇ ಗ್ಯಾಸ್ ಸಿಲಿಂಡರಿನ ಬೆಲೆಯೂ ಕಾರ್ಪೊರೇಟರನೂ ಇರುತ್ತಾರೆ. ಅತ್ತೆಯ ಬಗ್ಗೆ ನಗಬಹುದು, ಮಂತ್ರಿಯ ಬಗ್ಗೆ ನಗಬಾರದು ಎಂಬ ಕಟ್ಟಳೆ ಬಂದರೆ ಮೊದಲು ಆಕ್ಷೇಪ ಎತ್ತಬೇಕಾದವರು ಅತ್ತೆಯಂದಿರು.

ಆದರೆ ‘ಭಾಷಣ’ ಎಂದು ನೀವು ಬಳಸಿದ ಶಬ್ದದಲ್ಲಿ ನಿಜವಾದ ದೂರು ಇದೆ. ಹಿಂದೊಮ್ಮೆ ಜಯನಗರದ ಕೆಫೆಯೊಂದರ ಮಹಡಿಯಲ್ಲಿ ನಡೆದ, ಯಾರು ಬೇಕಾದರೂ ವೇದಿಕೆ ಏರಬಹುದಾದ ಕನ್ನಡ ಓಪನ್ ಮೈಕಿಗೆ ಹೋಗಿದ್ದೆ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಕೆಳಗಿನ ಅಡುಗೆಮನೆಯಿಂದ ಏರಿ ಬರುವ ಒಗ್ಗರಣೆಯ ಘಾಟು, ಮಧ್ಯೆ ಒಂದು ಮೈಕು. ಒಬ್ಬ ಹುಡುಗ ತನ್ನ ಅಪ್ಪನ ಕಥೆ ಹೇಳಿದ. ಬೆಳಗಿನ ಐದೂವರೆಗೇ ಮೆಚ್ಚಿನ ನಾಯಕನ ಚಿತ್ರವಿರುವ ಶುಭೋದಯದ ಸಂದೇಶ ಕಳಿಸುವ ಆ ಅಪ್ಪ, ಮಗನ ಹುಟ್ಟುಹಬ್ಬದ ದಿನವೂ ಅದೇ ಚಿತ್ರವನ್ನು ಕಳಿಸಿ, ಕೆಳಗೆ ‘ನಿನಗೂ’ ಎಂದು ಬರೆದಿದ್ದರಂತೆ. ಯಾವ ಪಕ್ಷದ ನಾಯಕ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಂಥ ಅಪ್ಪ ಎಲ್ಲರ ಮನೆಯಲ್ಲೂ ಒಬ್ಬರಿದ್ದರು, ಮಹಡಿ ಹಾರಿಹೋಗುವಂತೆ ಜನ ನಕ್ಕರು. ಅವನ ನಂತರ ಬಂದವನು, ಈ ದೇಶದಲ್ಲಿ ಪ್ರಶ್ನೆ ಕೇಳುವುದೇ ಅಪರಾಧವಾಗಿದೆ ಎಂದು ಹೇಳಿ ಸುಮ್ಮನಾದ. ಚಪ್ಪಾಳೆ ಬಿತ್ತು, ನಗು ಬರಲಿಲ್ಲ. ನಗು ನಮ್ಮ ಅಪ್ಪಣೆ ಕೇಳದೆ ಹೊರಬೀಳುತ್ತದೆ, ಚಪ್ಪಾಳೆಯನ್ನು ನಾವು ಒಪ್ಪಿ ಕೊಡುತ್ತೇವೆ. ಎರಡನೆಯವನು ಕೈಯೆತ್ತಿಸಿ ಮತ ಎಣಿಸುತ್ತಿದ್ದ. ಅವನ ಅಭಿಪ್ರಾಯದ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಹಾಸ್ಯ ಮಾಡುವ ಶ್ರಮವನ್ನು ಅವನು ಪಟ್ಟಿರಲಿಲ್ಲ. ನೀವು ಕಂಡದ್ದು ಇಂಥದ್ದಾಗಿದ್ದರೆ 799 ರೂಪಾಯಿ ನಿಜಕ್ಕೂ ದುಬಾರಿಯಾಯಿತು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಜನರ ಭಾವನೆಗೆ ಧಕ್ಕೆಯಾಗಿ ಗಲಾಟೆಯಾಗುವ ಸಂಭವವಿದ್ದರೆ ಪೊಲೀಸರು ಕಾರ್ಯಕ್ರಮವನ್ನೇ ರದ್ದು ಮಾಡಿಸುವುದು ಸರಿಯಲ್ಲವೇ? ಮುನ್ನೆಚ್ಚರಿಕೆ ತಪ್ಪು ಹೇಗಾಗುತ್ತದೆ? (ಕಲಬುರಗಿ)

ಉತ್ತರ: ಮೊದಲು ಒಂದು ವಿಚಾರ ಸ್ಪಷ್ಟವಾಗಲಿ. ನಾವು ಸಭಿಕರ ಸಿಟ್ಟು ಎಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಸಭಿಕರದ್ದೇ ಅಲ್ಲ. 2021ರ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಡೆಯಬೇಕಿದ್ದ ಹಾಸ್ಯಗಾರ ಮುನವ್ವರ್ ಫಾರೂಕಿ ಅವರ ಕಾರ್ಯಕ್ರಮ ನಿಂತುಹೋಯಿತು. ಆತ ವಿವಾದಾತ್ಮಕ ವ್ಯಕ್ತಿ, ಶಾಂತಿ ಕದಡಬಹುದು ಎಂದು ಪೊಲೀಸರು ಸಂಘಟಕರಿಗೆ ಪತ್ರ ಬರೆದಿದ್ದರು. 600ಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾಗಿದ್ದವು ಎಂದೂ, ಬಂದ ಹಣದಲ್ಲಿ ಆಗಷ್ಟೇ ತೀರಿಕೊಂಡಿದ್ದ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಗೆ ನೆರವಾಗುವುದೆಂದು ಮೊದಲೇ ಮಾತಾಗಿತ್ತು ಎಂದೂ ಫಾರೂಕಿ ಹೇಳಿಕೊಂಡರು. ಟಿಕೆಟ್ ಕೊಂಡ ಆ ಜನಕ್ಕೆ ಸಿಟ್ಟಿರಲಿಲ್ಲ. ಸಿಟ್ಟು ಬಂದವರು ಟಿಕೆಟ್ ಕೊಂಡಿರಲಿಲ್ಲ. ಅದಾದ ಕೆಲವೇ ದಿನಗಳಲ್ಲಿ ಕುನಾಲ್ ಕಾಮ್ರಾ ಅವರ ಬೆಂಗಳೂರು ಪ್ರದರ್ಶನಗಳೂ ರದ್ದಾದವು. 45 ಜನರನ್ನು ಕೂರಿಸಲು ವಿಶೇಷ ಅನುಮತಿ ಸಿಗಲಿಲ್ಲ, ಜಾಗ ಮುಚ್ಚಿಸುವ ಬೆದರಿಕೆಯೂ ಬಂತು ಎಂದು ಅವರು ತಿಳಿಸಿದರು. 2022ರ ನವೆಂಬರ್ 10ರಂದು ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ವೀರ್ ದಾಸ್ ಅವರ ಕಾರ್ಯಕ್ರಮಕ್ಕೂ ಇದೇ ಗತಿಯಾಯಿತು. ಒಂದು ಸಂಘಟನೆ ದೂರು ಕೊಟ್ಟಿತ್ತು. ಮುಂದಿನ ವರ್ಷ ಅವರಿಗೆ ಹಾಸ್ಯಕ್ಕಾಗಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಈ ಮೂರರಲ್ಲೂ ಬೆಂಗಳೂರಿನ ಆ ಸಂಜೆಗಳಲ್ಲಿ ಏನು ಹೇಳಲಾಗುತ್ತಿತ್ತು ಎಂಬುದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಅದನ್ನು ಹೇಳಲೇ ಇಲ್ಲ.

ಫಾರೂಕಿ ಅವರನ್ನು ಅದೇ 2021ರ ಹೊಸ ವರ್ಷದ ದಿನ ಇಂದೋರಿನಲ್ಲಿ ಬಂಧಿಸಿದ ಪ್ರಕರಣದಲ್ಲಿ ದೂರು ಕೊಟ್ಟವರು ಸಭೆಯೊಳಗೇ ಇದ್ದರು ಎಂಬುದನ್ನೂ ಹೇಳಬೇಕು. ಆಗ ಅವರಿಗೆ ತಿಂಗಳಿಗೂ ಹೆಚ್ಚು ಕಾಲ ಜೈಲಾಯಿತು, ಫೆಬ್ರುವರಿ 5ರಂದು ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಟ್ಟಿತು. ಮೆಚ್ಚದ ಮಾತಿಗೆ ಎದ್ದು ಹೋಗುವ ದಾರಿ ಅಲ್ಲಿಯೂ ತೆರೆದೇ ಇತ್ತು.

ಇನ್ನು ಮುನ್ನೆಚ್ಚರಿಕೆಯ ಮಾತು. ಮೀಸಲಾತಿ ನೀತಿಯನ್ನು ಟೀಕಿಸಿದ್ದ ತಮಿಳು ಚಿತ್ರವೊಂದರ ಬಗ್ಗೆ 1989ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಎಸ್. ರಂಗರಾಜನ್ ಪ್ರಕರಣದ ತೀರ್ಪನ್ನು ನೀವು ಓದಿಯೇ ಇರುತ್ತೀರಿ. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಮೆರವಣಿಗೆ, ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ತಡೆಯಕೂಡದು, ಹಾಗೆ ತಡೆದರೆ ಅದು ಬೆದರಿಸುವವರಿಗೆ ಶರಣಾದಂತೆ. ಸಿಟ್ಟಿಗೆದ್ದ ಜನರನ್ನು ನಿಭಾಯಿಸಲು ನಮ್ಮಿಂದಾಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂಬುದು ಅದರ ತಿರುಳು. ಅಪಾಯವೆಂದರೆ ಎಲ್ಲೋ ದೂರದ ಊಹೆಯಾಗಿದ್ದರೆ ಸಾಲದು, ಮದ್ದಿನ ಪೀಪಾಯಿಯ ಮುಂದೆ ಕಿಡಿಯಿದ್ದಷ್ಟು ಹತ್ತಿರವಿರಬೇಕು ಎಂದರು ಅವರು.

ಇದು ಬರೀ ಪುಸ್ತಕದ ಮಾತೆಂದು ತಿಳಿಯಬೇಡಿ. 2022ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಅನುಮತಿ ಸಿಗದ ಅದೇ ಫಾರೂಕಿ, ಮರುದಿನವೇ ಎನ್ನುವಷ್ಟು ಹತ್ತಿರದಲ್ಲಿ ಹೈದರಾಬಾದಿನ ಶಿಲ್ಪಕಲಾ ವೇದಿಕೆಯಲ್ಲಿ ಭಾರೀ ಪೊಲೀಸ್ ಕಾವಲಿನಲ್ಲಿ ಕಾರ್ಯಕ್ರಮ ಕೊಟ್ಟರು. ಅಲ್ಲಿಯೂ ಬೆದರಿಕೆಯಿತ್ತು, ಪೊಲೀಸರು ಬೆದರಿಸಿದವರತ್ತ ಮುಖ ಮಾಡಿ ನಿಂತರು. ಬಂಗಾಳದಲ್ಲಿ 2019ರಲ್ಲಿ ರಾಜಕೀಯ ವಿಡಂಬನೆಯ ಚಿತ್ರವೊಂದನ್ನು ಯಾವ ಲಿಖಿತ ಆದೇಶವೂ ಇಲ್ಲದೆ ಬಿಡುಗಡೆಯಾದ ಬೆನ್ನಲ್ಲೇ ಚಿತ್ರಮಂದಿರಗಳಿಂದ ತೆಗೆಸಿದ್ದಕ್ಕೆ ಸುಪ್ರೀಂ ಕೋರ್ಟು ರಾಜ್ಯ ಸರ್ಕಾರಕ್ಕೆ 20 ಲಕ್ಷ ರೂಪಾಯಿ ಪರಿಹಾರದ ಹೊರೆ ಹೊರಿಸಿತು. ಕಡೆಯದಾಗಿ, 2025ರ ಮಾರ್ಚ್ 28ರಂದು ಬಂದ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದ ತೀರ್ಪನ್ನು ತಪ್ಪದೆ ಓದಿ. ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಅದರಲ್ಲಿ ಕಾವ್ಯ, ನಾಟಕಗಳ ಸಾಲಿನಲ್ಲೇ ಸ್ಟ್ಯಾಂಡಪ್ ಹಾಸ್ಯವನ್ನೂ ಹೆಸರಿಸಿದೆ. ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನವರ ಅಳತೆಗೋಲಿನಿಂದ, ಎಲ್ಲದರಲ್ಲೂ ಅಪಾಯ ಕಾಣುವವರ ಕಣ್ಣಿನಿಂದ ಅಲ್ಲ ಎಂದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧಗಳಲ್ಲಿ ಎಫ್‌ಐಆರ್ ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತವೆಂದು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮನ್ನು ಆಧರಿಸಿ ಅದು ಹೇಳಿದೆ. ನಮ್ಮ ಠಾಣೆಗಳ ಗೋಡೆಗೆ ಅಂಟಿಸಬೇಕಾದ ಪುಟ ಅದು.

ಪ್ರಶ್ನೆ: ನಮ್ಮ ಮಾಸ್ಟರ್ ಹಿರಣ್ಣಯ್ಯನವರು ಮಂತ್ರಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡೇ ಬೈದವರು. ಜನ ನಗುತ್ತಿದ್ದರು. ಈಗಿನವರಿಗೆ ಆ ಕಲೆ ಇಲ್ಲವೋ, ಈಗಿನ ಜನರಿಗೆ ಆ ತಾಳ್ಮೆ ಇಲ್ಲವೋ? (ಹುಬ್ಬಳ್ಳಿ)

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇರಬಹುದು, ಆದರೆ ಅಂದು ಎಲ್ಲವೂ ಸುಗಮವಾಗಿತ್ತು ಎಂದು ನೆನಪು ನಮ್ಮನ್ನು ನಂಬಿಸುತ್ತದೆ. ರಾಜಕಾರಣಿಗಳ ಕೋಪ, ಕೋರ್ಟಿನ ಅಲೆದಾಟ ಹಿರಣ್ಣಯ್ಯನವರಿಗೂ ತಪ್ಪಿರಲಿಲ್ಲ. ಅವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡದ್ದಕ್ಕೆ ಒಂದು ಕಾರಣ, ಆ ದಿನದ ಪತ್ರಿಕೆಯ ಸುದ್ದಿ ಅಂದಿನ ರಾತ್ರಿಯ ಸಂಭಾಷಣೆಯೊಳಗೆ ಬಂದು ಕೂರುತ್ತಿದ್ದುದು. ಪಾತ್ರದ ಬಟ್ಟೆ ತೊಟ್ಟೇ ಅವರು ಪಾತ್ರದಿಂದ ಹೊರಗೆ ಬಂದು ನೇರ ಸಭಿಕರೊಡನೆ ಮಾತಾಡುತ್ತಿದ್ದರು. ಹಾಗೆ ನೋಡಿದರೆ ನಮ್ಮಲ್ಲಿ ಸ್ಟ್ಯಾಂಡಪ್ಪಿಗೆ ಆ ಹೆಸರು ಬರುವ ಮೊದಲೇ ಆ ಕೆಲಸ ನಡೆದಿತ್ತು.

ಆದರೂ ಎರಡು ವ್ಯತ್ಯಾಸಗಳಿವೆ. ಒಂದು, ಅವರು ಲಂಚ ತೆಗೆದುಕೊಳ್ಳುವವನನ್ನು ಬೈದು ಮುಗಿಸಿ, ಲಂಚ ಕೊಡುವ ನಮ್ಮತ್ತ ತಿರುಗುತ್ತಿದ್ದರು. ಆಚೆಯವರಿಗೆ ಎರಡು ಏಟು ಬಿದ್ದರೆ ಈಚೆಗೂ ಒಂದು ಬೀಳುತ್ತದೆಂದು ಸಭೆಗೆ ಗೊತ್ತಿತ್ತು. ತನಗೆ ಮಾತ್ರ ಏಟು ಬಿತ್ತೆಂದು ಯಾರೂ ಮನೆಗೆ ಹೋಗುತ್ತಿರಲಿಲ್ಲ. ಎರಡನೆಯದು ಹೆಚ್ಚು ಮುಖ್ಯ. ನಾಟಕದ ಮಾತು ಆ ರಾತ್ರಿಯೇ ಅಲ್ಲೇ ಕರಗುತ್ತಿತ್ತು. ಮೂರು ಗಂಟೆ ಕೂತವರಿಗೆ ಮಾತ್ರ ಅದು ದಕ್ಕುತ್ತಿತ್ತು. ಈಗ ಒಂದೂವರೆ ಗಂಟೆಯ ಪ್ರದರ್ಶನದಿಂದ ನಲವತ್ತು ಸೆಕೆಂಡು ಕತ್ತರಿಸಿ ತೆಗೆದ ತುಣುಕು, ಹಿಂದಿನ ಮಾತೂ ಮುಂದಿನ ಮಾತೂ ಇಲ್ಲದೆ, ಹಾಸ್ಯ ನೋಡುವ ಮನಸ್ಸೇ ಇಲ್ಲದವನ ಅಂಗೈಗೆ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಬೀಳುತ್ತದೆ. ಹಾಸ್ಯಗಾರರು ‘ಸೆಟಪ್’ ಎಂದು ಕರೆಯುವ ಪೀಠಿಕೆ ಹಾರಿಹೋಗಿ ‘ಪಂಚ್‌ಲೈನ್’ ಎಂಬ ಕೊನೆಯ ಏಟು ಮಾತ್ರ ಉಳಿದಾಗ, ಅದು ಏಟಿನ ಹಾಗೆಯೇ ಕಾಣುವುದು ಸಹಜ. ಆ ತುಣುಕನ್ನು ಹರಿಬಿಡುವವರು ಬಹುಮಟ್ಟಿಗೆ ಹಾಸ್ಯಗಾರರೇ ಎಂಬುದನ್ನೂ ಮರೆಯಬಾರದು. ಮುಂದಿನ ಊರಿನ ಟಿಕೆಟ್ ಮಾರಾಟವಾಗುವುದೇ ಅದರಿಂದ.

ಪ್ರಶ್ನೆ: ಈ ಹಾಸ್ಯಗಾರರೆಲ್ಲ ಒಂದೇ ಪಕ್ಷವನ್ನು, ಒಂದೇ ಧರ್ಮವನ್ನು ಗುರಿ ಮಾಡುತ್ತಾರೆ. ಬೇರೆಯವರನ್ನು ಮುಟ್ಟಲು ಧೈರ್ಯವಿಲ್ಲ. ಇದು ಹಾಸ್ಯವೋ, ಪ್ರಚಾರವೋ? (ದಾವಣಗೆರೆ)

ಉತ್ತರ: ಅಧಿಕಾರದಲ್ಲಿ ಕೂತವರನ್ನು ಗೇಲಿ ಮಾಡುವುದು ವಿಡಂಬನೆಯ ಹಳೆಯ ಕಸುಬು. ಕುರ್ಚಿಯಲ್ಲಿ ಯಾರು ಎಷ್ಟು ಕಾಲ ಕೂತಿರುತ್ತಾರೋ ಅಷ್ಟು ಕಾಲ ಅವರ ಪಾಲೇ ದೊಡ್ಡದು. ಸಿಟ್ಟಿಗೆ ಒಂದೇ ಬಣ್ಣವೇ ಎಂದು ಕೇಳಿದರೆ ದಾಖಲೆ ಬೇರೆ ಹೇಳುತ್ತದೆ. ಕಾಂಗ್ರೆಸ್ ಮತ್ತು ಎನ್‌ಸಿಪಿ ಆಳುತ್ತಿದ್ದ ಮಹಾರಾಷ್ಟ್ರದಲ್ಲಿ 2012ರಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ಅವರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಿದರು. ಅದೇ ವರ್ಷ ಬಂಗಾಳದಲ್ಲಿ ಮಮತಾ ಬ್ಯಾನರ್ಜಿ ಅವರ ವ್ಯಂಗ್ಯಚಿತ್ರವನ್ನು ಮಿಂಚಂಚೆಯಲ್ಲಿ ಕಳಿಸಿದ ಪ್ರಾಧ್ಯಾಪಕರೊಬ್ಬರ ಬಂಧನವಾಗಿ, ಆ ಪ್ರಕರಣ ಅವರ ಹೆಗಲಿನಿಂದ ಇಳಿಯಲು 2023 ಬರಬೇಕಾಯಿತು. ಡೇರಾ ಸಚ್ಚಾ ಸೌದಾ ಪಂಥದ ಗುರುವನ್ನು ಅಣಕಿಸಿದ್ದಕ್ಕೆ 2016ರಲ್ಲಿ ಹಾಸ್ಯನಟ ಕಿಕು ಶಾರದಾ ಬಂಧನಕ್ಕೊಳಗಾದರು. 2020ರಲ್ಲಿ ಶಿವಾಜಿ ಸ್ಮಾರಕದ ಬಗ್ಗೆ ಮಾತಾಡಿದ ಹಾಸ್ಯಗಾರ್ತಿ ಅಗ್ರಿಮಾ ಜೋಶುವಾ ಕ್ಷಮೆ ಕೇಳಬೇಕಾಯಿತು, ಆಗ ಮುಂಬೈಯಲ್ಲಿ ಆಳುತ್ತಿದ್ದುದು ಉದ್ಧವ್ ಠಾಕ್ರೆ ಅವರ ಸರ್ಕಾರ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು. ನಾಯಕನನ್ನು ಗೇಲಿ ಮಾಡುವುದಕ್ಕೂ ಅವನಿಗೆ ಮತ ಹಾಕಿದವನನ್ನು ಹೀಯಾಳಿಸುವುದಕ್ಕೂ ಅಂತರವಿದೆ. ಇಂಗ್ಲಿಷ್ ಬಾರದವನು, ಸಣ್ಣ ಊರಿನವನು, ಹಣೆಗೆ ಕುಂಕುಮ ಇಟ್ಟವನು ಎಂಬಷ್ಟಕ್ಕೇ ಒಬ್ಬನನ್ನು ದಡ್ಡನೆಂದು ತೋರಿಸುವ ಜೋಕುಗಳನ್ನು ನಾನೂ ಕೇಳಿದ್ದೇನೆ. ಅವುಗಳಲ್ಲಿ ರಾಜಕೀಯಕ್ಕಿಂತ ಸೋಮಾರಿತನ ಹೆಚ್ಚು. 2023ರಲ್ಲಿ ಬೆಂಗಳೂರಿನ ಕಾಲೇಜೊಂದರ ಕಿರುಪ್ರಹಸನ ದಲಿತರನ್ನೂ ಅಂಬೇಡ್ಕರ್ ಅವರನ್ನೂ ಅವಮಾನಿಸಿತೆಂದು ರಾಜ್ಯದಲ್ಲಿ ಪ್ರತಿಭಟನೆಗಳಾದಾಗ, ಆ ಸಿಟ್ಟನ್ನು ನಾನು ಮಂತ್ರಿಗಳ ಹಿಂಬಾಲಕರ ಸಿಟ್ಟಿನ ಪಕ್ಕದಲ್ಲಿಟ್ಟು ತೂಗಲಿಲ್ಲ. ಮಂತ್ರಿಗೆ ಉತ್ತರ ಕೊಡಲು ನೂರು ಮೈಕುಗಳಿವೆ. ಹಾಸ್ಯಕ್ಕೆ ಗುರಿಯಾದವನ ಕೈಯಲ್ಲಿ ಮೈಕು ಇದೆಯೇ ಎಂದು ಮೊದಲು ನೋಡುವುದು ನನ್ನ ಅಭ್ಯಾಸ.

ಪ್ರಶ್ನೆ: ನಮ್ಮ ಕನ್ನಡ ಕೂಟದ ಯುಗಾದಿಗೆ ಊರಿನಿಂದ ಹಾಸ್ಯಗಾರರನ್ನು ಕರೆಸುತ್ತೇವೆ. ‘ರಾಜಕೀಯ ಬೇಡ’ ಎಂದು ಷರತ್ತು ಹಾಕಿದ್ದೇವೆ. ಸರಿಯೇ? (ನ್ಯೂಜೆರ್ಸಿ)

ಉತ್ತರ: ಕರೆಯುವವರು ಷರತ್ತು ಹಾಕಬಹುದು, ಬರುವವರು ಒಪ್ಪದೆ ಇರಬಹುದು, ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಬರವಣಿಗೆಯಲ್ಲಿರಲಿ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಚುನಾವಣೆಯಲ್ಲಿ ಅಭ್ಯರ್ಥಿಯ ಪರವಾಗಿ ಅಥವಾ ವಿರುದ್ಧವಾಗಿ ಪ್ರಚಾರ ಮಾಡುವಂತಿಲ್ಲ ಎಂಬ ಕಾನೂನನ್ನು ಕೆಲವು ಕೂಟಗಳು ಇದಕ್ಕೆ ಕಾರಣವಾಗಿ ಮುಂದಿಡುತ್ತವೆ. ಬೆಂಗಳೂರಿನ ರಸ್ತೆಗುಂಡಿಯ ಜೋಕು ಆ ಕಾನೂನಿನೊಳಗೆ ಬೀಳುವುದಿಲ್ಲ. ಅದನ್ನೂ ಬೇಡವೆಂದರೆ ಬಡಪಾಯಿಗೆ ಉಳಿಯುವುದು ಹೆಂಡತಿ ಮತ್ತು ಉಪ್ಪಿಟ್ಟು.

ಪ್ರಶ್ನೆ: ನಾನು ವಾರಾಂತ್ಯದಲ್ಲಿ ಕನ್ನಡ ಸ್ಟ್ಯಾಂಡಪ್ ಮಾಡುತ್ತೇನೆ. ಈಗ ಕೆಫೆ ಮಾಲೀಕರು ಸ್ಕ್ರಿಪ್ಟ್ ಮೊದಲೇ ಕಳಿಸಬೇಕು, ಯಾವ ನಾಯಕರ ಹೆಸರೂ ಇರಬಾರದು ಎನ್ನುತ್ತಿದ್ದಾರೆ. ಒಪ್ಪಿದರೆ ನನ್ನ ಮೇಲೆ ನನಗೇ ಬೇಸರ, ಒಪ್ಪದಿದ್ದರೆ ಜಾಗವಿಲ್ಲ. ಏನು ಮಾಡಲಿ? (ಬೆಂಗಳೂರು)

ಉತ್ತರ: ಮಾಲೀಕರನ್ನು ಹೇಡಿ ಎನ್ನುವ ಮೊದಲು ಮುಂಬೈಯ ಖಾರ್ ಬಡಾವಣೆಯ ಹ್ಯಾಬಿಟ್ಯಾಟ್ ಸ್ಟುಡಿಯೊವನ್ನು ನೆನಪಿಸಿಕೊಳ್ಳಿ. ಕುನಾಲ್ ಕಾಮ್ರಾ ಅಲ್ಲಿ ಉಪಮುಖ್ಯಮಂತ್ರಿ ಏಕನಾಥ್ ಶಿಂಧೆ ಅವರನ್ನು ಅಣಕಿಸಿ ಹಾಡಿದ್ದರ ವಿಡಿಯೊ 2025ರ ಮಾರ್ಚ್ 23ರಂದು ಹೊರಬಂತು. ಅಂದು ರಾತ್ರಿಯೇ ಶಿಂಧೆ ಅವರ ಪಕ್ಷದ ಕಾರ್ಯಕರ್ತರು ನುಗ್ಗಿ ಕುರ್ಚಿ, ದೀಪಗಳನ್ನು ಒಡೆದರು. ಆಗ ಅಲ್ಲಿ ಪ್ರದರ್ಶನ ಕೊಡುತ್ತಿದ್ದವರು ಬೇರೊಬ್ಬ ಹಾಸ್ಯಗಾರರು. ಮಾರನೆಯ ದಿನ ಮಹಾನಗರಪಾಲಿಕೆಯವರು ಬಂದು ಅನಧಿಕೃತ ನಿರ್ಮಾಣವೆಂದು ಕೆಲವು ಭಾಗಗಳನ್ನು ಕೆಡವಿದರು. ಕಾಮ್ರಾ ಮದ್ರಾಸ್ ಹೈಕೋರ್ಟಿನಲ್ಲೂ ಬಾಂಬೆ ಹೈಕೋರ್ಟಿನಲ್ಲೂ ಬಂಧನದಿಂದ ರಕ್ಷಣೆ ಪಡೆದರು, ಕ್ಷಮೆ ಕೇಳಲಿಲ್ಲ. ಸ್ಟುಡಿಯೊ ನಡೆಸುವವರು ಬಾಗಿಲು ಮುಚ್ಚುತ್ತಿರುವುದಾಗಿ ಪ್ರಕಟಿಸಬೇಕಾಯಿತು. ಮಾತಾಡಿದವರಿಗೆ ವಕೀಲರು ಸಿಗುತ್ತಾರೆ, ಸುದ್ದಿಯೂ ಆಗುತ್ತದೆ. ಜಾಗ ಕೊಟ್ಟವರಿಗೆ ಉಳಿಯುವುದು ಒಡೆದ ಗಾಜು ಮತ್ತು ನೋಟೀಸು. ನಿಮ್ಮ ಮಾಲೀಕರಿಗೆ ಬ್ಯಾಂಕಿನ ಸಾಲವಿದೆ, ಅಡುಗೆಯವರ ಸಂಬಳವಿದೆ, ಪ್ರತಿ ವರ್ಷ ನವೀಕರಿಸಬೇಕಾದ ಪರವಾನಗಿಗಳಿವೆ.

ಹಾಗೆಂದು ಸ್ಕ್ರಿಪ್ಟ್ ಕಳಿಸಬೇಡಿ. ಒಮ್ಮೆ ಕಳಿಸಿದರೆ ಮುಂದಿನ ವಾರ ತಿದ್ದುಪಡಿ ಬರುತ್ತದೆ, ಅದರ ಮುಂದಿನ ವಾರ ತಿದ್ದುವ ಕೆಲಸವನ್ನು ನೀವೇ ಮನೆಯಲ್ಲಿ ಮುಗಿಸಿಕೊಂಡು ಹೋಗುತ್ತೀರಿ. ಬದಲಿಗೆ ಮಾಲೀಕರ ಎದುರು ಕೂತು ಅವರಿಗೆ ನಿಜಕ್ಕೂ ಯಾವುದರ ಭಯ ಎಂದು ಕೇಳಿ. ಬಹಳ ಸಲ ಅವರ ಭಯ ಮಾತಿನದ್ದಾಗಿರುವುದಿಲ್ಲ, ವಿಡಿಯೊದ್ದಾಗಿರುತ್ತದೆ. ಬಾಗಿಲಲ್ಲೇ ಪ್ರೇಕ್ಷಕರ ಫೋನುಗಳನ್ನು ಲಕೋಟೆಯಲ್ಲಿ ಹಾಕಿಸಿ ಅಂಟಿಸುವುದು, ಗೋಡೆಯ ಮೇಲೆ ಕೆಫೆಯ ಹೆಸರು ಕಾಣದಂತೆ ಪರದೆ ಕಟ್ಟುವುದು, ಹೇಳಿದ ಮಾತಿಗೆ ಹೇಳಿದವರೇ ಹೊಣೆ ಎಂದು ನೀವೊಂದು ಕಾಗದ ಬರೆದುಕೊಡುವುದು, ಇಷ್ಟಕ್ಕೆ ಒಪ್ಪಿದ ಮಾಲೀಕರನ್ನು ನಾನು ಬಲ್ಲೆ. ಹೆಸರು ಹೇಳಬಾರದೆಂಬ ಷರತ್ತನ್ನು ಅಷ್ಟಾಗಿ ಹಚ್ಚಿಕೊಳ್ಳಬೇಡಿ. ನಾನು ಮೇಲೆ ಹೇಳಿದ ಜಯನಗರದ ಹುಡುಗ ಯಾರ ಹೆಸರನ್ನೂ ಹೇಳಿರಲಿಲ್ಲ. ಅಂದು ಅವನು ಇಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ ಬರೆದುಕೊಂಡಿದ್ದ ಸಾಲುಗಳಲ್ಲಿ ನಗು ಬಾರದ ಎರಡನ್ನು ಅಳಿಸಿದ. ಅವೆರಡೂ ಒಳ್ಳೆಯ ಅಭಿಪ್ರಾಯಗಳೇ ಆಗಿದ್ದವು ಎಂದು ಕಾಫಿ ಕುಡಿಯುತ್ತಾ ಹೇಳಿದ.